ಮನೆ ನೋಡಲು ಬಂದವರು ನೋಡದ ಕೋಣೆ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಆ ಪುಸ್ತಕದಲ್ಲಿ 'ಸಾಮಾಜಿಕ ಸಮಸ್ಯೆಗಳು' ಎಂಬ ಪಾಠ ವರ್ಷ ತಪ್ಪದೆ ಬರುತ್ತಿತ್ತು. ಪುಸ್ತಕದ ರಟ್ಟು ಬದಲಾಗುತ್ತಿತ್ತು, ಬೆಲೆ ಬದಲಾಗುತ್ತಿತ್ತು, ಸಮಸ್ಯೆಗಳು ಮಾತ್ರ ಇದ್ದಲ್ಲೇ ಇರುತ್ತಿದ್ದವು. ಮಕ್ಕಳಿಗೆ ನಾನೊಂದು ಸೂತ್ರ ಹೇಳಿಕೊಟ್ಟಿದ್ದೆ: ಪರೀಕ್ಷೆಯಲ್ಲಿ ಯಾವ ಸಮಸ್ಯೆಯಾದರೂ ಬರಲಿ, ಮೊದಲು ಅರ್ಥ ಬರೆಯಿರಿ, ಆಮೇಲೆ ಕಾರಣ, ಆಮೇಲೆ ಪರಿಣಾಮ, ಕೊನೆಗೆ ಪರಿಹಾರ. ಪರಿಹಾರ ನೆನಪಾಗದಿದ್ದರೆ 'ಜನಜಾಗೃತಿ ಮೂಡಿಸುವುದು' ಎಂದು ಬರೆದು ಕೆಳಗೆ ಗೆರೆ ಎಳೆಯಿರಿ. ಜನಜಾಗೃತಿಗೆ ಅಂಕ ಕಡಿಯುವ ಧೈರ್ಯ ಯಾವ ಮಾಸ್ತರನಿಗೂ ಇಲ್ಲ. ಈ ಸೂತ್ರದ ಬಲದಿಂದ ನಮ್ಮೂರಿನ ಒಂದಿಡೀ ಪೀಳಿಗೆ ಪಾಸಾಗಿದೆ. ಅದರಿಂದ ಸಮಸ್ಯೆಯೊಂದಾದರೂ ಪರಿಹಾರವಾಯಿತೇ ಎಂಬುದು ಪಠ್ಯಕ್ಕೆ ಹೊರಗಿನ ಪ್ರಶ್ನೆ.

ನಮ್ಮೂರು ಕಾಗವಾಡ ತಾಲ್ಲೂಕಿನಲ್ಲಿದೆ. ಶೇಡಬಾಳ ದಾಟಿ ಅಥಣಿ ರಸ್ತೆಗೆ ಹೊಂದಿಕೊಂಡ ಊರು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ದ್ರಾಕ್ಷಿ, ನಡುವೆ ನಾವು. ಕೆಲವು ವರ್ಷಗಳ ಹಿಂದೆ ಇಲ್ಲಿ ಒಕ್ಕಲುತನ ಮಾಡುವ ಹುಡುಗರಿಗೆ ಹೆಣ್ಣು ಸಿಗುವುದು ನಿಂತಿತು. ಮೊದಲು ಇದು ಸಮಸ್ಯೆ ಆಗಿರಲಿಲ್ಲ. ತುಂಡು ಹೊಲದ ಮನೆಗಳ ಹುಡುಗರಿಗೆ ಸಿಗದಿದ್ದಾಗ ಅದನ್ನು ಹಣೆಬರಹ ಎಂದು ಕರೆದೆವು. ಮಧ್ಯಮ ಹೊಲದ ಮನೆಗಳಿಗೆ ಬಂದಾಗ ಕಾಲ ಕೆಟ್ಟಿತು ಎಂದೆವು. ಸೊಸೈಟಿಯ ಚೇರಮನ್ನರ ಇಬ್ಬರು ಗಂಡುಮಕ್ಕಳೂ ಮೂವತ್ತು ದಾಟಿ ಮನೆಯಲ್ಲೇ ಉಳಿದಾಗ ಮಾತ್ರ ಅದು ಅಧಿಕೃತವಾಗಿ ಸಾಮಾಜಿಕ ಸಮಸ್ಯೆಯಾಯಿತು. ಚೇರಮನ್ನರು ಚೇರಮನ್‌ಗಿರಿ ಬಿಟ್ಟು ಬಹಳ ದಿನವಾಗಿತ್ತು. ನಮ್ಮಲ್ಲಿ ಒಮ್ಮೆ ಚೇರಮನ್ ಆದವರು ಚಟ್ಟ ಏರುವವರೆಗೂ ಚೇರಮನ್ನರೇ. ಅವರು ಹಾಲಿನ ಡೇರಿಯ ಖೋಲಿಯಲ್ಲಿ ಸಭೆ ಕರೆದು, ಒಂದು ಕಮಿಟಿ ಮಾಡಿ, ನನ್ನನ್ನು ಕಾರ್ಯದರ್ಶಿ ಎಂದು ಘೋಷಿಸಿದರು. ಸಮಸ್ಯೆಗಳನ್ನು ಇಷ್ಟು ವರ್ಷ ಸಾಕಿದವನು ನಾನೇ ಎಂಬುದು ಅವರ ವಾದ.

ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿದೆ. ಆಕೆ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು:

"ಹೆಣ್ಣ ಸಿಗವಲ್ದು ಅಂತ ಕಮಿಟಿ ಮಾಡೀರಿ. ಕಮಿಟಿಯೊಳಗರ ಒಂದ ಹೆಣ್ಣ ಸಿಕ್ತೇನ್ರಿ?"

ಅದು ನಿಯಮಾವಳಿಗೆ ಸಂಬಂಧಿಸಿದ ಪ್ರಶ್ನೆ, ಅಧ್ಯಕ್ಷರ ಗಮನಕ್ಕೆ ತರುತ್ತೇನೆ ಎಂದೆ. ತರಲಿಲ್ಲ.

ಚೇರಮನ್ನರನ್ನು ಬಿಟ್ಟರೆ ಕಮಿಟಿಯವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳೇ ಆದ್ದರಿಂದ ಕೆಲಸ ಸೂತ್ರದ ಪ್ರಕಾರವೇ ನಡೆಯಿತು. ಅರ್ಥದಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಕಾರಣದ ಬಗ್ಗೆ ಚೇರಮನ್ನರು ಮಾತಾಡಿದರು.

"ಹುಡುಗ್ಯಾರಿಗೆ ಸೊಕ್ಕ ಬಂದೈತ್ರಿ. ಎಲ್ಲಾರಿಗೂ ನೌಕರದಾಂವ ಬೇಕು. ದ್ರಾಕ್ಷಿ ತಿನ್ನಾಕ ಬೇಕು, ದ್ರಾಕ್ಷಿ ಬೆಳಿಯಾಂವ ಬ್ಯಾಡ. ಹೌದಲ್ರಿ ಮಾಸ್ತರ್ರ?"

ಹೌದು ಎಂದೆ. ಕಾರಣ ಸೊಕ್ಕು ಎಂದಾದ ಮೇಲೆ ಪರಿಹಾರ ಜನಜಾಗೃತಿಯೇ. ಬಸ್‌ಸ್ಟ್ಯಾಂಡಿನಲ್ಲಿ 'ರೈತನ ಕೈ ಹಿಡಿಯಿರಿ, ದೇಶ ಉಳಿಸಿರಿ' ಎಂದು ದೊಡ್ಡ ಬ್ಯಾನರ್ ಕಟ್ಟಿಸಿದೆವು. ಅದರಲ್ಲಿ ರೈತನ ಚಿತ್ರಕ್ಕಿಂತ ಚೇರಮನ್ನರ ಚಿತ್ರ ದೊಡ್ಡದಿತ್ತು. ಮರುದಿನ ಅದರ ಕೆಳಗೆ ಕಾಲೇಜಿನ ಬಸ್ಸಿಗೆ ನಿಂತಿದ್ದ ಹುಡುಗಿಯೊಬ್ಬಳು ಗೆಳತಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ದೇಶ ಉಳಿಸಾಕ ಮಿಲಿಟ್ರಿ ಐತಲ್ಲಬೇ." ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಜನಜಾಗೃತಿ ಅಲ್ಲಿಗೆ ಮುಗಿಯಿತು.

ಮುಂದಿನ ಸಭೆಯಲ್ಲಿ ಕಾರಣವನ್ನು ತಿದ್ದಿ ಗ್ರಹಗತಿ ಎಂದು ಮಾಡಿದೆವು. ಪರಿಹಾರವಾಗಿ ಊರ ಗುಡಿಯಲ್ಲಿ ಸಾಮೂಹಿಕ ಪೂಜೆ. ಮದುವೆಯಾಗದ ಹುಡುಗರೆಲ್ಲ ಮಡಿ ಉಟ್ಟು ಸಾಲಾಗಿ ಕುಳಿತರು; ಅಷ್ಟು ಶಿಸ್ತನ್ನು ನನ್ನ ತರಗತಿಯಲ್ಲೂ ಅವರು ತೋರಿಸಿರಲಿಲ್ಲ. ಪೂಜೆ ಮುಗಿದು ಪ್ರಸಾದ ಹಂಚುವಾಗ, ಆ ಸಾಲಿನಲ್ಲಿ ಪೂಜೆ ಮಾಡಿಸಿದ ಅಯ್ಯನವರ ಮಗನೂ ಇದ್ದದ್ದು ಕಣ್ಣಿಗೆ ಬಿತ್ತು. ಗ್ರಹಗತಿಯನ್ನೂ ಸದ್ದಿಲ್ಲದೆ ಕೈಬಿಟ್ಟೆವು.

ಈ ಸಾಲಿನಲ್ಲಿ ಕುಳಿತವರಲ್ಲಿ ನಮ್ಮ ತಮ್ಮನ ಮಗನೂ ಒಬ್ಬ. ನನಗೆ ಮಕ್ಕಳಿಲ್ಲ, ನನ್ನ ಹೆಗಲ ಮೇಲೆ ಕುಳಿತು ಊರು ನೋಡಿದವನು ಅವನೊಬ್ಬನೇ. ದ್ರಾಕ್ಷಿ ತೋಟದಲ್ಲಿ ಅವನಷ್ಟು ಬುದ್ಧಿವಂತ ಸುತ್ತಲಿನ ಊರುಗಳಲ್ಲಿ ಇರಲಿಲ್ಲ, ತೋಟದ ಹೊರಗೆ ಅವನಷ್ಟು ಮೂಕನೂ ಇರಲಿಲ್ಲ. ಲಗ್ನದ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದ. ಹೋದರೆ ಎಲೆಗೆ ಉಪ್ಪು ಬೀಳುವ ಮೊದಲೇ ಯಾರಾದರೊಬ್ಬರು "ನಿಂದ್ಯಾವಾಗಲೇ?" ಅನ್ನುತ್ತಿದ್ದರು.

ನಮ್ಮ ಕಡೆ ಸಂಬಂಧ ಕೂಡುವ ಮೊದಲು 'ಮನಿ ನೋಡೂದು' ಎಂಬ ಪದ್ಧತಿ ಇದೆ. ಹೆಣ್ಣಿನ ಕಡೆಯ ಹಿರಿಯರು, ಅಂದರೆ ಗಂಡಸರು, ಒಂದು ಕ್ರೂಸರ್ ಗಾಡಿಯಲ್ಲಿ ತುಂಬಿಕೊಂಡು ಗಂಡಿನ ಮನೆಗೆ ಬರುತ್ತಾರೆ. ಬಂದವರನ್ನು ಪಾವಣ್ಯಾರು ಎಂದು ಕರೆದು ಕಾಲಿಗೆ ನೀರು ಕೊಡುತ್ತೇವೆ. ಅವರು ಮೊದಲು ಹೊಲಕ್ಕೆ ಹೋಗುತ್ತಾರೆ. ಮಣ್ಣು ಹಿಡಿದು ಉಜ್ಜುತ್ತಾರೆ. "ಮೋಟರ್ ಚಾಲೂ ಮಾಡ್ರಿ" ಎಂದು ಬೋರಿನ ನೀರು ಬೀಳುವುದನ್ನು ಕೈಕಟ್ಟಿ ನೋಡುತ್ತಾರೆ. ಎಮ್ಮೆಯ ಬೆನ್ನು ತಟ್ಟುತ್ತಾರೆ. ಟ್ರ್ಯಾಕ್ಟರಿನ ಟೈರಿಗೆ ಒಂದು ಒದೆ ಕೊಡುತ್ತಾರೆ. ಏಕೆಂದು ಇದುವರೆಗೆ ಯಾರೂ ಹೇಳಿಲ್ಲ. ಆಮೇಲೆ ಮನೆಗೆ ಬಂದು ಮುಂದಿನ ಹಾಲ್‌ನಲ್ಲಿ ಸೋಫಾದ ಮೇಲೆ ಕುಳಿತು, ಸ್ಲ್ಯಾಬಿನ ದಪ್ಪ ಕೇಳಿ, ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿಕೊಂಡು, "ತಿಳಸ್ತೀವ್ರಿ" ಎಂದು ಹೇಳಿ ಹೋಗುತ್ತಾರೆ. ಮನೆ ನೋಡಿದಂತಾಯಿತು.

ನಮ್ಮ ತಮ್ಮನ ಮನೆಗೆ ಹಾಗೆ ಬಂದು ಹೋದ ಕ್ರೂಸರ್‌ಗಳು ಅನೇಕ. ಎಲ್ಲರೂ ಹೋಳಿಗೆ ಹೊಗಳಿದರು. ಎಲ್ಲರೂ ತಿಳಿಸುತ್ತೇವೆ ಎಂದರು. ಯಾರೂ ತಿಳಿಸಲಿಲ್ಲ.

ಹಿಂದಿನ ಚಳಿಗಾಲದಲ್ಲಿ ಅಥಣಿಯಿಂದ ಒಂದು ಸಂಬಂಧ ಬಂತು. ಹುಡುಗಿ ಅಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ತಂದೆ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನೌಕರಿ ಇರುವ ಹುಡುಗಿ ರೈತನ ಮನೆಯ ಮಾತು ಕೇಳಿಸಿಕೊಂಡಳು ಎಂಬುದೇ ಊರಲ್ಲಿ ದೊಡ್ಡ ಸುದ್ದಿ. ಪಾವಣ್ಯಾರು ಬರುವ ಹಿಂದಿನ ಸಂಜೆ ತಮ್ಮನ ಮಗ ನನ್ನ ಬಳಿ ಬಂದು ಕಟ್ಟೆಯ ಮೇಲೆ ಕುಳಿತ.

"ದೊಡ್ಡಪ್ಪ, ಇದೊಂದ ಆಖೇರಿ. ಇದೂ ಆಗಲಿಲ್ಲಾಂದ್ರ ಇನ್ನ ಯಾರನ್ನೂ ಮನಿ ನೋಡಾಕ ಕರಿಯೂದ ಬ್ಯಾಡ."

"ಯಾಕಲೇ, ಸನ್ಯಾಸಿ ಆಗ್ತಿಯೇನ?"

"ಸನ್ಯಾಸಿ ಅಲ್ರಿ. ನಾಚಿಗಿ ಬರತೈತಿ. ಅವ್ವ ಪ್ರತಿ ಸಲ ಹೋಳಿಗಿ ಮಾಡತಾಳ, ಆಮ್ಯಾಲ ವಾರಗಟ್ಟಲೆ ಕೆಮ್ಮತಾಳ. ನನ್ನ ಲಗ್ನದ ಸಲುವಾಗಿ ಅಕಿ ಜೀವಾ ಯಾಕ ತಿನ್ನೂದು?"

ತಮ್ಮನ ಹೆಂಡತಿಗೆ ಕೆಮ್ಮು ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಹವಾ ಸರಿಯಿಲ್ಲ ಎನ್ನುತ್ತಿದ್ದೆವು. ಮಿರಜದ ಡಾಕ್ಟರಿಗೂ ತೋರಿಸಿ ಬಾಟಲಿ ತಂದಾಗಿತ್ತು.

ಪಾವಣ್ಯಾರು ಬಂದರು. ಮಣ್ಣು, ಮೋಟರು, ಎಮ್ಮೆ, ಟೈರು ಎಲ್ಲ ವಿಧಿವತ್ತಾಗಿ ನಡೆಯಿತು. ಕಂಡಕ್ಟರ್ ಸಾಹೇಬರು ಹಾಲ್‌ಗೆ ಕಾಲಿಟ್ಟು, ಒಳಗೆ ಎಷ್ಟು ಮಂದಿ ಹಿಡಿಯುತ್ತಾರೆ ಎಂದು ಕಣ್ಣಲ್ಲೇ ಅಳೆದು, "ಛಲೋ ಐತ್ರಿ, ಜಾಗಾ ಭಾಳ ಐತಿ" ಎಂದರು. ನಾವು ಗೆದ್ದೆವು ಅಂದುಕೊಂಡೆವು. ಈ ಸಲ ತಿಳಿಸಿದರು ಕೂಡ. ಫೋನು ಬಂತು: "ನಮಗೆಲ್ಲಾ ಪಸಂದ ಐತ್ರಿ. ಮಗಳ ಒಲ್ಲೆ ಅಂತಾಳ."

ಚೇರಮನ್ನರು ಇದನ್ನು ಕಮಿಟಿಗೆ ಆದ ಅವಮಾನ ಎಂದು ಪರಿಗಣಿಸಿದರು. ಕಾರಣ ಕೇಳಿ ಬರಲು ನಾನೂ ಅವರೂ ನಿಯೋಗವಾಗಿ ಅಥಣಿಗೆ ಹೋದೆವು. ಚೇರಮನ್ನರು ಶಾಲು ಹೊದ್ದುಕೊಂಡಿದ್ದರು. ಹುಡುಗಿ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು. ನಮಗೆ ನೀರು ಕೊಟ್ಟು, ಎದುರಿನ ಕುರ್ಚಿಯಲ್ಲಿ ಕುಳಿತಳು. ಅಪ್ಪ ಬಾಗಿಲ ಹತ್ತಿರ ನಿಂತೇ ಇದ್ದರು, ನಿಂತು ರೂಢಿ.

ಚೇರಮನ್ನರು ಗಂಟಲು ಸರಿಮಾಡಿಕೊಂಡರು. "ನೋಡವಾ ತಂಗಿ, ಹುಡುಗಾ ಛಲೋ, ಚಟಾ ಇಲ್ಲ, ತ್ವಾಟಾ ಐತಿ, ಮನಿ ಅಂತೂ ಬಂಗ್ಲೆ ಇದ್ದಂಗ ಐತಿ. ನಿಮ್ಮ ಅಪ್ಪಾರ ನೋಡಿ ಬಂದಾರ. ಮತ್ತ ಯಾಕ ಒಲ್ಲೆ ಅಂದಿ?"

"ಅಪ್ಪ ನೋಡ್ಯಾರ್ರಿ. ಅಪ್ಪ ಅಲ್ಲಿ ಇರಾಕ ಹೋಗೂದಿಲ್ಲಲ್ರಿ."

ಚೇರಮನ್ನರು ನನ್ನ ಮುಖ ನೋಡಿದರು. ಇದು ಸೂತ್ರದಲ್ಲಿ ಇರಲಿಲ್ಲ.

"ಅಪ್ಪ ನೋಡಿ ಬಂದಾಗಿಂದ ಕೇಳಾಕತ್ತೀನಿ," ಹುಡುಗಿ ಹೇಳಿದಳು, "ಅಡಗಿ ಮನಿ ಹೆಂಗೈತಿ, ಬಚ್ಚಲಕ್ಕ ಬಾಗಲಾ ಐತೋ ಇಲ್ಲೋ. ಅಪ್ಪ ಅಂತಾರ, ಬೋರಿಗೆ ನೀರ ಭಾಳ ಐತಿ. ನಾನೇನ ಬೋರನ್ಯಾಗ ಇರಲ್ರಿ?"

ಕಂಡಕ್ಟರ್ ಸಾಹೇಬರು ಸೂರು ನೋಡುತ್ತ, "ಅಡಗಿ ಮನಿಗೆ ಹೋಗೂದು ಪದ್ಧತಿ ಇಲ್ಲ" ಎಂದರು.

"ಹುಡುಗಾ ಬ್ಯಾಡಂದಿಲ್ರಿ ನಾ," ಅವಳು ನನ್ನ ಕಡೆ ತಿರುಗಿದಳು. "ನೋಡದ ಮನಿಗೆ ಹೂಂ ಅನ್ನಾಕ ಬರೂದಿಲ್ಲ ಅಂದೀನಿ. ನಾ ಒಮ್ಮೆ ಬಂದು ನೋಡ್ಲೇನ್ರಿ ಸರ್?"

ನಾನು ಮಾಸ್ತರ. ಕೈ ಎತ್ತಿ ಪ್ರಶ್ನೆ ಕೇಳುವವರನ್ನು ಬೈಯುವುದು ನನಗೆ ಬರುವುದಿಲ್ಲ. ಬಾ ತಾಯಿ ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಚೇರಮನ್ನರು ಶಾಲನ್ನು ಮಡಿಚಿ ಚೀಲಕ್ಕೆ ಹಾಕಿ, "ಮಾಸ್ತರ್ರ, ಇದನ್ನ ಸಭಾದಾಗ ಹೇಳೂದು ಬ್ಯಾಡ" ಎಂದರು.

ಹೇಳದಿದ್ದರೂ ಊರಿಗೆ ಗೊತ್ತಾಯಿತು. ಆ ರವಿವಾರ ಹುಡುಗಿ ತನ್ನ ತಾಯಿ ಮತ್ತು ತಾಯಿಯ ತಂಗಿ ಮಾವಶಿಯ ಜೊತೆ ಬಸ್ಸಿನಿಂದ ಇಳಿದಾಗ, ಅಕ್ಕಪಕ್ಕದ ಮನೆಗಳಲ್ಲಿ ಎಲ್ಲರಿಗೂ ಒಮ್ಮೆಲೇ ಅಂಗಳ ಗುಡಿಸುವ ಕೆಲಸ ಬಂತು. ನಮ್ಮ ತಮ್ಮ ಬಿಳಿ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಗಂಡಸರು ಬಂದರೆ ಏನು ಮಾಡಬೇಕೆಂದು ಅವನಿಗೆ ಗೊತ್ತು. ಹೆಂಗಸರು ಮನೆ ನೋಡಲು ಬಂದರೆ ಮೊದಲು ಏನು ತೋರಿಸಬೇಕೋ ಗೊತ್ತಿರಲಿಲ್ಲ. ಗಾಬರಿಯಲ್ಲಿ, "ಮೋಟರ್ ಚಾಲೂ ಮಾಡ್ಲ್ಯಾ?" ಎಂದ.

"ಇರ್ಲಿ ಬಿಡ್ರಿ ಕಾಕಾ. ಮನಿ ನೋಡೂಣು," ಎಂದಳು ಹುಡುಗಿ.

ಮುಂದಿನ ಆ ಹಾಲ್ ನಮ್ಮ ತಮ್ಮನ ಜೀವಮಾನದ ಸಾಧನೆ. ರಸ್ತೆಯ ಕಡೆಗೆ ಎರಡು ದೊಡ್ಡ ಕಿಡಕಿ, ಗ್ರಾನೈಟ್ ನೆಲ, ಗಾಜಿನ ಶೋಕೇಸು, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಸೋಫಾ. ವರ್ಷದಲ್ಲಿ ಹೆಚ್ಚೆಂದರೆ ಎರಡು ಮೂರು ಸಲ ಪಾವಣ್ಯಾರು ಅದರಲ್ಲಿ ಕೂಡುತ್ತಿದ್ದರು. ಉಳಿದ ದಿನ ಅದು ಹಾಗೇ ಹೊಳೆಯುತ್ತಿತ್ತು. ಹುಡುಗಿ ಅದನ್ನು ದಾಟಿ ನಡೆದಳು. ನಡುಮನೆ ದಾಟಿದಳು. ಹಿತ್ತಲ ಬಾಗಿಲು ತೆಗೆದಳು. ಹೊಸ ಮನೆ ಕಟ್ಟುವಾಗ ಹಣ ಮುಂದಿನಿಂದ ಹಿಂದಕ್ಕೆ ಬರುತ್ತ ಬರುತ್ತ ನಡುಮನೆಗೆ ಮುಗಿದಿತ್ತು. ಹಳೆಯ ಅಡಿಗೆ ಮನೆ ಹಿಂದೆ ಹಾಗೇ ಉಳಿದಿತ್ತು. ಮೂರು ಕಡೆ ಗೋಡೆ, ಮೇಲೆ ತಗಡು, ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು. ಗ್ಯಾಸು ಇದ್ದರೂ ಪಾವಣ್ಯಾರ ಅಡಿಗೆ ಕಟ್ಟಿಗೆ ಒಲೆಯ ಮೇಲೆಯೇ ಆಗಬೇಕೆಂಬುದು ತಮ್ಮನ ನಿಯಮ. ಒಳಗೆ ಅವನ ಹೆಂಡತಿ ಹೋಳಿಗೆ ಬೇಯಿಸುತ್ತಿದ್ದಳು. ಹೊಗೆಯಲ್ಲಿ ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಆಕೆ ಕಾಣಿಸಿದಳು.

ನಾನು ಆ ಮನೆಗೆ ಸಾವಿರ ಸಲ ಹೋಗಿದ್ದೇನೆ. ಹಿತ್ತಲ ಬಾಗಿಲಿನವರೆಗೆ ಬಂದದ್ದು ಅದೇ ಮೊದಲು. ನನ್ನ ಹಿಂದೆ ತಮ್ಮನ ಮಗ ನಿಂತಿದ್ದ.

ಹುಡುಗಿ ಬಗ್ಗಿ ಒಳಗೆ ಹೋಗಿ ಒಲೆಯ ಪಕ್ಕ ಕುಳಿತಳು. "ಕಾಕು, ಗಾಳಿ ಎಲ್ಲಿಂದ ಬರತೈತ್ರಿ ಇಲ್ಲಿ?"

"ಗಾಳಿ ಯಾಕ ಬೇಕವಾ," ತಮ್ಮನ ಹೆಂಡತಿ ನಕ್ಕಳು, "ಗಾಳಿ ಬಂದ್ರ ಒಲಿ ಆರತೈತಿ."

"ಎಷ್ಟ ದಿನಾ ಆತ್ರಿ ಈ ಕೆಮ್ಮ?"

"ಇದು ಹಿಂಗ ಇರತೈತಿ. ನೀ ಇಲ್ಲಿ ಕುಂಡ್ರಬ್ಯಾಡ, ಸೀರಿ ಹೊಲಸ ಆಗತೈತಿ. ಮುಂದ ಸೋಫಾದ ಮ್ಯಾಲ ಕುಂಡ್ರ ಹೋಗ."

ಅವಳು ಏಳಲಿಲ್ಲ. ಹೋಳಿಗೆ ತಿರುವಿ ಹಾಕಲು ಕೈ ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಕಣ್ಣೊರೆಸಿಕೊಂಡಳು. ಹೊಗೆಗೆ ಕಣ್ಣು ಕೆಂಪಾಗಿದ್ದವು. ಹಿತ್ತಲಿನಾಚೆ, ತೋಟದ ಅಂಚಿಗೆ, ಹಸಿರು ಜಾಳಿಗೆ ಹೊದ್ದ ಉದ್ದನೆಯ ಶೆಡ್ಡು ಕಾಣುತ್ತಿತ್ತು. ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವ ಶೆಡ್ಡು. ಅದೇನೆಂದು ಕೇಳಿದಳು. ನಮ್ಮ ಮೂಕನಿಗೆ ಬಾಯಿ ಬಂತು.

"ಮಣೂಕದ ಶೆಡ್ ರೀ. ನಾನ ಕಟ್ಟಿಸೀನಿ. ಮಣೂಕಕ್ಕ ಬಿಸಿಲ ನೆಟ್ಟಗ ಬೀಳಬಾರ್ದು, ಗಾಳಿ ಮಾತ್ರ ಆಡಬೇಕು. ಗಾಳಿ ಯಾವ ತಿಂಗಳ ಯಾವ ಕಡಿಂದ ಬೀಸತೈತಿ ಅಂತ ಒಂದ ವರ್ಷ ನೋಡಿ, ಆಮ್ಯಾಲ ಖಾಂಬ ನಿಲ್ಲಿಸೀನಿ. ಗಾಳಿ ಆಡಲಿಲ್ಲಾಂದ್ರ ಬಣ್ಣಾ ಕೆಟ್ಟು ಕರ್ರಗಾಗತಾವ."

"ನಾಕೂ ಕಡಿಂದ ಗಾಳಿ ಬೇಕೇನ್ರಿ?"

"ನಾಕೂ ಕಡಿಂದ."

"ಒಳ್ಳೇದು," ಎಂದಳು. ಹಿಂದೆ ತಗಡಿನ ಕೆಳಗಿನಿಂದ ಕೆಮ್ಮು ಕೇಳಿಸಿತು. ಅವಳು ಆ ಕಡೆ ನೋಡಿ, ಮೆಲ್ಲಗೆ ಕೇಳಿದಳು: "ಮತ್ತ ಅವ್ವಾರಿಗೆ?"

ಅದರಲ್ಲಿ ಕುಹಕ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಂತಿತ್ತು. ತಮ್ಮನ ಮಗ ಶೆಡ್ಡು ನೋಡಿದ, ತಗಡು ನೋಡಿದ. ಮತ್ತೆ ಶೆಡ್ಡು ನೋಡಿದ.

ಊಟವಾಯಿತು. ಹೊರಡುವಾಗ ತಮ್ಮ ಎದೆ ಗಟ್ಟಿ ಮಾಡಿಕೊಂಡು ನಿಂತ, "ತಿಳಸ್ತೀವಿ" ಎಂಬುದನ್ನು ಕೇಳಲು. ಹುಡುಗಿ ಅವನಿಗೆ ನಮಸ್ಕಾರ ಮಾಡಿ, ಅವನ ಮಗನಿಗೆ ಹೇಳಿದಳು: "ನಾ ಹೂಂ ಅನ್ನತೀನೋ ಇಲ್ಲೋ, ಅದು ಬ್ಯಾರೆ ಮಾತು. ಅವ್ವಾರನ್ನ ಆ ತಗಡಿನ ಬುಡಕಿಂದ ಹೊರಗ ತರ್ರಿ. ನನ್ನ ಸಲುವಾಗಿ ಅಲ್ಲ."

ಮರುದಿನ ಮುಂಜಾನೆ ನಾನು ಹೋಗುವಷ್ಟರಲ್ಲಿ ಸೋಫಾ ಪಡಸಾಲೆಯಲ್ಲಿತ್ತು. ಶೋಕೇಸನ್ನು ಅಪ್ಪ ಒಂದು ಕಡೆಯಿಂದ ಒಳಗೆ ಎಳೆಯುತ್ತಿದ್ದ, ಮಗ ಇನ್ನೊಂದು ಕಡೆಯಿಂದ ಹೊರಗೆ ಎಳೆಯುತ್ತಿದ್ದ.

"ಅಣ್ಣಾ, ನೋಡಿಲ್ಲಿ," ತಮ್ಮ ನನಗೆ ಫಿರ್ಯಾದಿ ಕೊಟ್ಟ, "ಹಾಲನ್ಯಾಗ ಅಡಗಿ ಮನಿ ಮಾಡತಾನಂತ. ಮಂದಿ ಬಾಗಲಾದಾಗ ನಿಂತ್ರ ಒಗ್ಗರಣಿ ವಾಸನಿ ಬರತೈತಿ. ಪಾವಣ್ಯಾರು ಬಂದ್ರ ಎಲ್ಲಿ ಕುಂಡ್ರತಾರ?"

"ಪಡಸಾಲ್ಯಾಗ ಕುಂಡ್ರತಾರ. ಇಷ್ಟ ವರ್ಷ ಒಳಗ ಕುಂತು ಏನ ಮಾಡ್ಯಾರಪ್ಪ? ಹೋಳಿಗಿ ತಿಂದಾರ."

"ಅಕಿ ಹೂಂ ಅಂದಿಲ್ಲಲೇ ಇನ್ನಾ."

"ಅನ್ನದಿದ್ರ ಬಿಡ್ಲಿ. ಅವ್ವ ಇರತಾಳಲ್ಲ."

ಇಷ್ಟರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಿರೋಧ ಮಾಡಿದವಳು ತಮ್ಮನ ಹೆಂಡತಿಯೇ. "ರಸ್ತಾಕ್ಕ ಮಾರಿ ಮಾಡಿ ಹೆಂಗ ರೊಟ್ಟಿ ಬಡೀಲ್ರಿ ಭಾವಾರ? ಹೋಗೂ ಬರೂ ಮಂದಿ ಎಲ್ಲಾ ನೋಡತಾರ. ನನಗ ನನ್ನ ಒಲಿ ಬರಾಬ್ಬರಿ ಐತಿ," ಎಂದು ತನ್ನ ತಗಡಿನ ಬಾಗಿಲಿಗೆ ಅಡ್ಡ ನಿಂತಳು. ಸಾಮಾಜಿಕ ಸಮಸ್ಯೆಯ ಬಲಿಪಶುಗಳು ಪರಿಹಾರವನ್ನು ಸಂತೋಷದಿಂದ ಸ್ವಾಗತಿಸುತ್ತಾರೆ ಎಂದು ಪುಸ್ತಕದಲ್ಲಿತ್ತು; ಆ ಸಾಲನ್ನು ನಾನು ವರ್ಷಗಟ್ಟಲೆ ಓದಿಸಿದ್ದೆ. ಮಗ ವಾದ ಮಾಡಲಿಲ್ಲ. ಅವ್ವನ ಕೈ ಹಿಡಿದು ಹಾಲ್‌ಗೆ ಕರೆದುಕೊಂಡು ಬಂದು, ಕಿಡಕಿಯ ಮುಂದೆ ನಿಲ್ಲಿಸಿ, "ರೊಟ್ಟಿ ಬಡಿದ್ಹಂಗ ಕೈ ಮಾಡಬೇ" ಎಂದ. ಆಕೆ ನಾಚಿಕೊಂಡು ಗಾಳಿಯಲ್ಲಿ ಎರಡು ರೊಟ್ಟಿ ಬಡಿದಳು. ಅವಳ ಅಂಗೈ ಇದ್ದ ಎತ್ತರಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ. ಕಡಪಾ ಕಲ್ಲಿನ ಕಟ್ಟೆ ಆ ಗೆರೆಗೆ ಕುಳಿತಿತು. ಕಟ್ಟಿಗೆಯ ಒಲೆಯನ್ನು ಹಿತ್ತಲಲ್ಲಿ ಬಯಲಿಗೆ ಇಟ್ಟು, ಸ್ನಾನದ ನೀರು ಕಾಯಿಸುವುದಕ್ಕಷ್ಟೇ ಎಂದು ಆಜ್ಞೆ ಮಾಡಿದ. ಉಳಿದ ಕಲ್ಲಿನಲ್ಲಿ ಬಚ್ಚಲಿಗೆ ಗೋಡೆ ಎಬ್ಬಿಸಿ, ಅಗುಳಿ ಇರುವ ಬಾಗಿಲು ಕೂಡಿಸಿದ.

ಕೆಲಸ ಮುಗಿದ ಮುಂಜಾನೆ ನಾನು ಚಹಾಕ್ಕೆ ಹೋದೆ. ತಮ್ಮನ ಹೆಂಡತಿ ಕಟ್ಟೆಯ ಮುಂದೆ ನಿಂತಿದ್ದಳು. ಸೆರಗು ತಲೆಯ ಮೇಲಿತ್ತು, ಚಹಾ ಉಕ್ಕಲು ಬಂದಿತ್ತು, ಆಕೆಯ ಕಣ್ಣು ಹೊರಗಿತ್ತು.

"ಭಾವಾರ," ಎಂದಳು, "ಇಲ್ಲಿಂದ ರಸ್ತಾ ಕಾಣತೈತಲ್ರಿ. ಬಸ್ಸಿನ ಬೋರ್ಡೂ ಕಾಣತೈತಿ. ನಾ ಈ ಮನಿಗೆ ಬಂದಾಗಿಂದ ಸಪ್ಪಳಾ ಅಷ್ಟ ಕೇಳಿದ್ದೆ."

ಚಹಾ ಉಕ್ಕಿತು. ಅಂದು ಯಾರೂ ಬೈಯಲಿಲ್ಲ.

ಕಮಿಟಿಯ ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು, ಸಮಸ್ಯೆಯ ಅರ್ಥವನ್ನೇ ನಾವು ತಪ್ಪು ಬರೆದಿದ್ದೇವೆ, 'ಹೆಣ್ಣು ಸಿಗದಿರುವುದು' ಎಂಬುದನ್ನು ಹೊಡೆದು 'ಹೆಣ್ಣು ಇರಲಾಗದ ಮನೆ' ಎಂದು ಬರೆಯಬೇಕು ಎಂದೆ. ಚೇರಮನ್ನರು ಬಹಳ ಯೋಚಿಸಿ ತೀರ್ಪು ಕೊಟ್ಟರು: "ಲಗ್ನ ಸಾರ್ವಜನಿಕ ವಿಷಯ ಐತ್ರಿ ಮಾಸ್ತರ್ರ. ಅಡಗಿ ಮನಿ ಖಾಸಗಿ. ಖಾಸಗಿ ವಿಷಯದಾಗ ಕಮಿಟಿ ಕೈ ಹಾಕಬಾರ್ದು." ನನ್ನ ಠರಾವು ಬಿದ್ದುಹೋಯಿತು.

ಆದರೆ ಮರುದಿನ ಚೇರಮನ್ನರ ಹೆಂಡತಿ ನಮ್ಮ ತಮ್ಮನ ಮನೆಗೆ ಮೊಸರಿನ ಹೆಪ್ಪು ಬೇಡಲು ಬಂದರು. ಅವರ ಮನೆಯಲ್ಲಿ ನಾಲ್ಕು ಎಮ್ಮೆಗಳಿವೆ. ಹೆಪ್ಪಿನ ಬಟ್ಟಲು ಹಿಡಿದುಕೊಂಡು ಕಿಡಕಿಯ ಮುಂದೆ ಬಹಳ ಹೊತ್ತು ನಿಂತು, ಕಟ್ಟೆಗೆ ಮೊಳ ಹಾಕಿ ನೋಡಿ ಹೋದರು. ಆಮೇಲೆ ಅಯ್ಯನವರ ಮನೆಯವರು ಬಂದರು. ಆ ವಾರ ಊರ ಹೆಂಗಸರೆಲ್ಲರ ಮನೆಯ ಹಾಲೂ ಹೆಪ್ಪಿಲ್ಲದೆ ಕಂಗಾಲಾಗಿದ್ದಂತಿತ್ತು. ನಮ್ಮ ಮನೆಯಲ್ಲೂ ಪರಿಣಾಮ ಕಂಡಿತು. ಹೆಂಡತಿ ಊಟ ಬಡಿಸುತ್ತ ಕೇಳಿದಳು: "ನಮ್ಮ ಅಡಗಿ ಮನ್ಯಾಗ ಲೈಟಿನ ಬಟನ್ ಎಲ್ಲಿ ಐತಿ, ಹೇಳ್ರಿ ನೋಡೂಣು." ನಾನು ಪಲ್ಯ ಚೆನ್ನಾಗಿದೆ ಎಂದೆ. ಆ ಉತ್ತರಕ್ಕೆ ಅಂಕ ಸಿಗಲಿಲ್ಲ. ವಾರದೊಳಗೆ ಬಟನ್ನು ಕೈಗೆಟುಕುವಲ್ಲಿಗೆ ಬಂತು, ಬಲ್ಬೂ ಹೊಸದಾಯಿತು.

ಕೆಲವು ದಿನಗಳಲ್ಲಿ ಚೇರಮನ್ನರ ಹಿತ್ತಲ ಗೋಡೆ ಒಡೆಯುವ ಸದ್ದು ಊರಿಗೆಲ್ಲ ಕೇಳಿಸಿತು. ನಾನು ಆ ದಾರಿಯಲ್ಲಿ ಹೋಗುವಾಗ ಅವರಾಗಿಯೇ ಕರೆದು ಹೇಳಿದರು: "ಬೆಳಕ ಸಾಲೂದಿಲ್ಲ ಅಂತ ಕಿಡಕಿ ಕೂಡಸಾಕತ್ತೀನ್ರಿ. ನಿಮ್ಮ ಠರಾವಿಗೂ ಇದಕ್ಕೂ ಸಂಬಂಧ ಇಲ್ಲ." ಖಂಡಿತ ಇಲ್ಲ ಎಂದು ಒಪ್ಪಿಕೊಂಡೆ. ಬಸ್‌ಸ್ಟ್ಯಾಂಡಿನ ಬ್ಯಾನರನ್ನು ಯಾರು ಬಿಚ್ಚಿದರೋ ತಿಳಿಯದು. ಅದು ಈಗ ಅವರ ಸಿಮೆಂಟು ಚೀಲಗಳ ಮೇಲೆ ಹೊದಿಕೆಯಾಗಿತ್ತು. ರೈತ ಕೆಳಗಾಗಿದ್ದ.

ತಮ್ಮನ ಮಗ ಅಥಣಿಗೆ ಫೋನು ಮಾಡಿ, ಅವ್ವ ಹೊರಗೆ ಬಂದಿದ್ದಾಳೆ ಎಂದಷ್ಟೇ ಹೇಳಿದನಂತೆ. ಆಮೇಲಿನ ರವಿವಾರ ಹುಡುಗಿ ಬಂದಳು. ಈ ಸಲ ಅಪ್ಪನನ್ನೂ ಕರೆತಂದಿದ್ದಳು. "ಬರ್ರಿ ಅಪ್ಪ, ಒಳಗ ಬರ್ರಿ, ಹಿಂದ ನಿಲ್ಲಬ್ಯಾಡ್ರಿ, ಮುಂದ ಸರೀರಿ" ಎಂದು ಅವರನ್ನು ಅಡಿಗೆ ಮನೆಗೆ ನೂಕಿಕೊಂಡೇ ಬಂದಳು. ಜೀವಮಾನವೆಲ್ಲ ಆ ಮಾತನ್ನು ಮಂದಿಗೆ ಹೇಳಿದ ಕಂಡಕ್ಟರ್ ಸಾಹೇಬರು ಕೈ ಎಲ್ಲಿಡಬೇಕೆಂದು ತಿಳಿಯದೆ ಕಟ್ಟೆಯ ಪಕ್ಕ ನಿಂತರು. ಪದ್ಧತಿ ಪ್ರಕಾರ ಏನಾದರೂ ಪರೀಕ್ಷೆ ಮಾಡಬೇಕಲ್ಲ. ಕಟ್ಟೆಯ ಕಲ್ಲನ್ನು ಎರಡು ಸಲ ತಟ್ಟಿ ನೋಡಿದರು.

"ಗಟ್ಟಿ ಐತ್ರಿ," ಎಂದರು.

ಹುಡುಗಿ ಚಹಾ ತಾನೇ ಮಾಡುತ್ತೇನೆ ಎಂದಳು. ಚಹಾಪುಡಿಯ ಡಬ್ಬಿ ಮೇಲಿನ ಹಲಗೆಯ ಮೇಲಿತ್ತು. ತಮ್ಮನ ಹೆಂಡತಿ ಎತ್ತರದ ಹೆಂಗಸು, ಹುಡುಗಿ ಕುಳ್ಳಿ. ತುದಿಗಾಲಿನಲ್ಲಿ ನಿಂತು ಡಬ್ಬಿ ಇಳಿಸಿ ಚಹಾ ಮಾಡಿದಳು. ಡಬ್ಬಿಯನ್ನು ಮತ್ತೆ ಮೇಲಿಡಲಿಲ್ಲ. ಕೆಳಗಿನ ಹಲಗೆಯಲ್ಲಿದ್ದ ಹಿಟ್ಟಿನ ಡಬ್ಬಿಯನ್ನು ಸರಿಸಿ, ಅದರ ಪಕ್ಕ ತನ್ನ ಕೈಗೆ ಸಿಗುವಲ್ಲಿ ಇಟ್ಟಳು. ತಮ್ಮನ ಮಗ ಪಡಸಾಲೆಯ ಸೋಫಾದಿಂದ ಇದನ್ನು ನೋಡುತ್ತಿದ್ದ. ಸೋಫಾದ ಪ್ಲಾಸ್ಟಿಕ್ಕು ಯಾವಾಗಲೋ ಹರಿದುಹೋಗಿತ್ತು.

ಅವರು ಬಸ್ಸು ಹತ್ತಿ ಹೋದ ಮೇಲೆ ತಮ್ಮ ಚಡಪಡಿಸಿದ. "ಏನೂ ಅನ್ನಲಿಲ್ಲಲ್ಲ ಅಕಿ. ತಿಳಸ್ತೀವಿ ಅಂತಾನೂ ಅನ್ನಲಿಲ್ಲ."

"ನಿಮಗ ಹೊಲಾ ಬಿಟ್ರ ಏನೂ ಕಾಣೂದಿಲ್ಲ," ಎಂದಳು ಅವನ ಹೆಂಡತಿ. "ಡಬ್ಬಿ ಜಾಗಾ ಬದಲ ಮಾಡಿ ಹೋಗ್ಯಾಳ. ಎರಡ ದಿನದ ಪಾವಣಿ ಯಾರರ ಮಂದಿ ಮನ್ಯಾಗ ಡಬ್ಬಿ ಜಾಗಾ ಬದಲ ಮಾಡತಾಳೇನ?"

ಸಂಜೆಗೆ ಕಂಡಕ್ಟರ್ ಸಾಹೇಬರ ಫೋನು ಬಂತು. ಹೂಂ ಎಂದರು. ಮಗಳು ಡ್ಯೂಟಿ ಬಿಡುವುದಿಲ್ಲ, ದಿನಾ ಅಥಣಿಗೆ ಹೋಗಿ ಬರುತ್ತಾಳೆ, ಅದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದರು. ತಮ್ಮ ಫೋನು ಕಿವಿಗೆ ಹಿಡಿದುಕೊಂಡೇ ಮಗನನ್ನು ನೋಡಿದ, ನನ್ನನ್ನು ನೋಡಿದ. ಅಡಿಗೆ ಮನೆಯ ಕಿಡಕಿಯಲ್ಲಿ ನಿಂತಿದ್ದ ಅವನ ಹೆಂಡತಿ ಫೋನು ಕಿತ್ತುಕೊಂಡಳು.

"ಹೋಗಿ ಬರ್ಲಿ ಬಿಡ್ರಿ," ಎಂದಳು. ಆ ದಿನ ಆಕೆ ಕೆಮ್ಮಿದ್ದು ನನಗೆ ನೆನಪಿಲ್ಲ. "ಅಥಣಿ ಬಸ್ ಬರೂದು ನನಗ ಇಲ್ಲಿಂದನ ಕಾಣತೈತಿ. ಬಸ್ ಕಂಡಕೂಡ್ಲೆ ಚಹಾಕ್ಕ ಇಡತೀನಿ."